ಡಬ್ಬಿಯ ಲೇಬಲ್ ಕೆರೆದಿದ್ದರು: ಎಚ್‌ಐವಿ ಮುಚ್ಚಿಟ್ಟು ಮದುವೆಯಾದವನನ್ನು ಜೈಲಿಗೆ ಕಳಿಸಬೇಕಾ?

ಮೆಡಿಕಲ್ ಶಾಪ್ ಹುಡುಗ · ಶನಿವಾರ ರಾತ್ರಿ 10:42

ಮನೆಯ ವಿಷಯ. ಹೊರಗೆ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು, ಊರು, ಜಾತಿ ಯಾವುದನ್ನೂ ಕೇಳಬೇಡಿ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ.

ನನ್ನ ಚಿಕ್ಕಪ್ಪನ ಮಗಳಿಗೆ 2025ರ ಫೆಬ್ರುವರಿಯಲ್ಲಿ ಮದುವೆಯಾಯಿತು. ಹುಡುಗನಿಗೆ ಒಳ್ಳೆಯ ಕೆಲಸ, ಸ್ವಂತ ಮನೆ, ಕುಡಿತ ಇಲ್ಲ. ಜಾತಕದಲ್ಲಿ 36ಕ್ಕೆ 28 ಗುಣ ಕೂಡಿತ್ತು. ನಾನೇ ಓಡಾಡಿ ವಿಚಾರಿಸಿದವನು, ಆ ಸಂಕಟ ಬೇರೆ.

ಐದು ತಿಂಗಳಾದ ಮೇಲೆ ಬೀರು ಒರೆಸುವಾಗ ಬಟ್ಟೆಗಳ ಹಿಂದೆ ಅವಳಿಗೆ ಒಂದು ಬಿಳಿ ಡಬ್ಬಿ ಸಿಕ್ಕಿತು. ಲೇಬಲ್ ಕೆರೆದು ತೆಗೆದಿದ್ದರು. ಕೇಳಿದರೆ ಗಂಡ "ವಿಟಮಿನ್" ಎಂದ. ದಿನಾ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ನುಂಗುವುದನ್ನು ಅವಳೂ ನೋಡಿದ್ದಳು. ವಿಟಮಿನ್ ಆದರೆ ಲೇಬಲ್ ಯಾಕೆ ಕೆರೆಯಬೇಕು? ಫೋಟೋ ತೆಗೆದು ನನಗೆ ಕಳಿಸಿದಳು. ಜೂಮ್ ಮಾಡಿ ನೋಡಿದೆ. ಮೂಲೆಯಲ್ಲಿ ಅರ್ಧ ಪದ ಉಳಿದಿತ್ತು, "...ಟೆಗ್ರಾವಿರ್". ಹನ್ನೊಂದು ವರ್ಷದಿಂದ ಮಾತ್ರೆ ಮಾರುತ್ತಿದ್ದೇನೆ. ಅದು ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಅಂತ ಗೊತ್ತಾಗಲು ಉಳಿದರ್ಧ ಬೇಕಿರಲಿಲ್ಲ.

ಕೂರಿಸಿ ಕೇಳಿದಾಗ ಅವನು ಅತ್ತ. 2019ರಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾನಂತೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ತೋರಿಸುವ ವೈರಲ್ ಲೋಡ್ ರಿಪೋರ್ಟುಗಳನ್ನೆಲ್ಲ ಮುಂದಿಟ್ಟ. ಎಲ್ಲದರಲ್ಲೂ "ಟಾರ್ಗೆಟ್ ನಾಟ್ ಡಿಟೆಕ್ಟೆಡ್", ಅಂದರೆ ವೈರಸ್ ಕಾಣಿಸಿಲ್ಲ ಅಂತಲೇ ಇದೆ. ಅವನ ತಾಯಿಗೆ ಗೊತ್ತಿತ್ತು. ಅಣ್ಣನಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ನಮ್ಮ ಕಡೆಯವರಿಗೆ ಮಾತ್ರ. ತಂಗಿಯ ಟೆಸ್ಟ್ ಮಾಡಿಸಿದೆವು, ನೆಗೆಟಿವ್ ಬಂತು. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಬನ್ನಿ ಎಂದಿದ್ದಾರೆ.

ಚಿಕ್ಕಪ್ಪ ಎಫ್‌ಐಆರ್ ಮಾಡಿಸಲೇಬೇಕು ಅಂತ ಕೂತಿದ್ದಾರೆ. ನನಗೂ ಹಾಗೇ ಅನಿಸುತ್ತಿದೆ. ತಂಗಿ ಮಾತ್ರ ಬಾಯಿ ಬಿಡುತ್ತಿಲ್ಲ. ಗೊತ್ತಿದ್ದೂ ಹೇಳದೆ ಹೆಂಡತಿಯ ಜೊತೆ ಮಲಗುವುದು ಅಪರಾಧ ಅಲ್ವಾ? ಅಲ್ಲದಿದ್ದರೆ ಆಗಬೇಕು ಅಲ್ವಾ? ತಿಳಿದವರು ಹೇಳಿ.

ಹಳೇ ಪೈಲ್ವಾನ · ಶನಿವಾರ ರಾತ್ರಿ 10:58

ಇದರಲ್ಲಿ ಕೇಳುವುದೇನಿದೆ ತಮ್ಮಾ? ಇದು ಕೊಲೆ ಯತ್ನ. ಊಟದಲ್ಲಿ ವಿಷ ಹಾಕಿ, ಹೆಂಡತಿ ಸಾಯಲಿಲ್ಲವಲ್ಲ ಅಂದರೆ ಬಿಟ್ಟುಬಿಡುತ್ತಾರಾ? ಅವನ ಜೊತೆ ಆ ತಾಯಿ, ಅಣ್ಣ, ಮಧ್ಯಸ್ಥಿಕೆ ಮಾಡಿದವರು ಎಲ್ಲರನ್ನೂ ಒಳಗೆ ಹಾಕಬೇಕು. ಅಮೆರಿಕದಲ್ಲಿ ಇಂಥವರಿಗೆ ಇಪ್ಪತ್ತೈದು ವರ್ಷ ಕೊಡುತ್ತಾರೆ ಅಂತ ಓದಿದ ನೆನಪು.

ಕರಿಕೋಟು · ಶನಿವಾರ ರಾತ್ರಿ 11:31

ವಕೀಲ ನಾನು. ಕೌಟುಂಬಿಕ ಕೇಸುಗಳೇ ಜಾಸ್ತಿ. ಈಗ ಏನಿದೆ ಅಂತ ಹೇಳುತ್ತೇನೆ, ಏನಾಗಬೇಕು ಅನ್ನುವುದು ಆಮೇಲೆ.

ನಮ್ಮಲ್ಲಿ "ಎಚ್‌ಐವಿ ಮುಚ್ಚಿಡುವುದು" ಎಂಬ ಹೆಸರಿನ ಅಪರಾಧ ಇಲ್ಲ. ಇರುವುದು ಬ್ರಿಟಿಷರ ಕಾಲದ ಎರಡು ಸಾಮಾನ್ಯ ಸೆಕ್ಷನ್. ಐಪಿಸಿಯಲ್ಲಿ 269, 270 ಆಗಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 271, 272 ಆಗಿವೆ. ಜೀವಕ್ಕೆ ಅಪಾಯ ತರುವ ರೋಗ ಹರಡಬಹುದಾದ ಕೆಲಸವನ್ನು ನಿರ್ಲಕ್ಷ್ಯದಿಂದ ಮಾಡಿದರೆ ಆರು ತಿಂಗಳವರೆಗೆ, ಕೆಟ್ಟ ಮನಸ್ಸಿನಿಂದ ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ. ಕೋವಿಡ್ ಸಮಯದಲ್ಲಿ ಪೊಲೀಸರು ಹಾಕುತ್ತಿದ್ದದ್ದೂ ಇವನ್ನೇ.

ಪೈಲ್ವಾನ್ ಅವರ ಕೊಲೆ ಯತ್ನಕ್ಕೆ ಬರೋಣ. ದೆಹಲಿಯಲ್ಲಿ ಎಚ್‌ಐವಿ ಇದ್ದ ಒಬ್ಬ ಅಪ್ರಾಪ್ತ ಮಲಮಗಳ ಮೇಲೆ ಅತ್ಯಾಚಾರ ಮಾಡಿದ್ದ. ಕೆಳಗಿನ ಕೋರ್ಟು ಅತ್ಯಾಚಾರದ ಜೊತೆಗೆ ಕೊಲೆ ಯತ್ನಕ್ಕೂ ಶಿಕ್ಷೆ ಕೊಟ್ಟಿತು. 2020ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅತ್ಯಾಚಾರದ ಶಿಕ್ಷೆ ಉಳಿಸಿಕೊಂಡು ಕೊಲೆ ಯತ್ನದ್ದನ್ನು ತೆಗೆದುಹಾಕಿತು. ಅಂಥ ಪ್ರಕರಣದಲ್ಲೇ ನಿಲ್ಲದ ಸೆಕ್ಷನ್ ಇಲ್ಲಿ ನಿಲ್ಲುತ್ತದಾ? ನೀವೇ ಯೋಚಿಸಿ.

ಇನ್ನು 2017ರ ಎಚ್‌ಐವಿ ಕಾಯ್ದೆ. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಅದರ 10ನೇ ಸೆಕ್ಷನ್ ಪ್ರಕಾರ, ಎಚ್‌ಐವಿ ಇದೆ ಅಂತ ಗೊತ್ತಿರುವವರು ಬೇರೆಯವರಿಗೆ ಹರಡದಂತೆ ಎಲ್ಲ ಸೂಕ್ತ ಎಚ್ಚರಿಕೆ ತೆಗೆದುಕೊಳ್ಳಬೇಕು. ಆ ಎಚ್ಚರಿಕೆ ಎರಡು ರೀತಿಯದ್ದು ಇರಬಹುದು ಅನ್ನುತ್ತದೆ ಕಾಯ್ದೆ: ಅಪಾಯ ತಗ್ಗಿಸುವ ದಾರಿ ಹಿಡಿಯುವುದು, ಅಥವಾ ಮೊದಲೇ ತಿಳಿಸುವುದು. ಆ "ಅಥವಾ" ಬಹಳ ಮುಖ್ಯ. ಅವನ ವಕೀಲ ನಾನಾಗಿದ್ದರೆ ಆ ರಿಪೋರ್ಟುಗಳನ್ನೇ ಹಿಡಿದು ನಿಲ್ಲುತ್ತಿದ್ದೆ. ಈ ಸೆಕ್ಷನ್ ಮುರಿದರೆ ಇಷ್ಟು ಶಿಕ್ಷೆ ಅಂತ ಕಾಯ್ದೆ ಹೇಳುವುದೂ ಇಲ್ಲ. ಶಿಕ್ಷೆ ಇರುವುದು ಬೇರೆ ಕಡೆ. ಎಚ್‌ಐವಿ ಇರುವವರ ಮೇಲೆ ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷ ಜೈಲು. ಕೋರ್ಟಿನ ಕೇಸಿನಲ್ಲಿ ತಿಳಿದ ಅವರ ಗುಟ್ಟು ಹೊರಗೆ ಹಾಕಿದರೆ ಒಂದು ಲಕ್ಷದವರೆಗೆ ದಂಡ.

ಹಳೇ ಪೈಲ್ವಾನ · ಶನಿವಾರ ರಾತ್ರಿ 11:40

ಅಂದರೆ ಮುಚ್ಚಿಟ್ಟವನಿಗೆ ಏನೂ ಇಲ್ಲ, ಬಾಯಿ ಬಿಟ್ಟವರಿಗೆ ಒಂದು ಲಕ್ಷ ದಂಡ. ಚೆನ್ನಾಗಿದೆ ಸ್ವಾಮಿ ನಿಮ್ಮ ಕಾಯ್ದೆ.

ಟೋಕನ್ 40 · ಭಾನುವಾರ ಬೆಳಿಗ್ಗೆ 7:15

ಪೈಲ್ವಾನ್ ಅಣ್ಣ, ನಾನು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡುವ ಸರ್ಕಾರಿ ಕೇಂದ್ರದಲ್ಲಿ, ಕೌನ್ಸೆಲರ್. ಹದಿನಾರು ವರ್ಷವಾಯಿತು. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ದಿನಾ ಆ ಸಿಟ್ಟಿನ ಎದುರು ಕೂರುವವಳು ನಾನು.

ಮೊದಲು ಆ ತಂಗಿಗೆ ಧೈರ್ಯ ಹೇಳಿ. ಅವನ ರಿಪೋರ್ಟ್ ನಿಜವಾಗಿದ್ದರೆ, ಮಾತ್ರೆ ತಪ್ಪಿಸದೇ ಇದ್ದರೆ ಅವಳಿಗೆ ಅವನಿಂದ ಬರುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ಯುರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿದರು. 2016ರಲ್ಲಿ 888 ಜೋಡಿಗಳ ಫಲಿತಾಂಶ ಬಂತು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರು. ಮಾತ್ರೆಯಿಂದ ವೈರಸ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ಹರಡಿದ್ದು ಸೊನ್ನೆ. ಅದಕ್ಕೂ ಮುಂಚೆ, 2011ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ನಮ್ಮ ಚೆನ್ನೈ, ಪುಣೆಯ ಜೋಡಿಗಳೂ ಇದ್ದರು. ಬೇಗ ಮಾತ್ರೆ ಶುರು ಮಾಡಿದರೆ ಹರಡುವುದು ಶೇ 96ರಷ್ಟು ಇಳಿಯುತ್ತದೆ ಅಂತ ಮೊದಲು ತೋರಿಸಿಕೊಟ್ಟದ್ದು ಅದೇ. ವಿಷದ ಹೋಲಿಕೆ 1990ರಲ್ಲಾದರೆ ಸರಿ ಇತ್ತೇನೋ. ಈಗ ಅವನು ದಿನಾ ರಾತ್ರಿ ನುಂಗುತ್ತಿದ್ದ ಆ ಮಾತ್ರೆಯೇ ಅವಳನ್ನು ಕಾಪಾಡಿದ್ದು.

ಹಾಗಂತ ಅವನು ಮಾಡಿದ್ದು ಸರಿ ಅಂತ ಅಲ್ಲ. ಖಂಡಿತ ಅಲ್ಲ. ಗೊತ್ತಿದ್ದು ಒಪ್ಪುವುದು ಬೇರೆ, ಗೊತ್ತಿಲ್ಲದೆ ಒಪ್ಪುವುದು ಬೇರೆ.

ಆದರೆ ಎಲ್ಲರಿಗೂ ಅನ್ವಯಿಸುವ ಕಾನೂನು ಬೇಕು ಅನ್ನುವಾಗ ನನ್ನ ಕಣ್ಣೆದುರು ಬರುವುದು ಈ ಹುಡುಗನಲ್ಲ. ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆಯ ಜೊತೆ ಬರುವ ಹೆಂಗಸು. ಬಸುರಿಯರಿಗೆಲ್ಲ ನಾವು ಎಚ್‌ಐವಿ ಟೆಸ್ಟ್ ಮಾಡುತ್ತೇವೆ. ಗಂಡಸರಿಗೆ ಹಾಗೆ ಕರೆದು ಮಾಡುವ ಜಾಗವೇ ಇಲ್ಲ. ಆದ್ದರಿಂದ ಎಷ್ಟೋ ಮನೆಯಲ್ಲಿ ಮೊದಲು ಗೊತ್ತಾಗುವುದು ಹೆಂಡತಿಗೆ. ಬಂದದ್ದು ಗಂಡನಿಂದ, ಮೊದಲು ಗೊತ್ತಾದದ್ದು ಇವಳಿಗೆ. ಈಗ ನಿಮ್ಮ ಕಾನೂನು ಇದೆ ಅಂದುಕೊಳ್ಳಿ. ನಾನು ರಿಪೋರ್ಟ್ ಕೈಗೆ ಕೊಟ್ಟ ಗಳಿಗೆಯಿಂದ ಇವಳು "ಗೊತ್ತಿದ್ದೂ ಹೇಳದವಳು". ಗಂಡ ಗೋವಾಕ್ಕೋ ಮುಂಬೈಗೋ ದುಡಿಯಲು ಹೋಗಿರುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಹೇಳಿದರೆ "ನೀನೇ ಎಲ್ಲಿಂದಲೋ ತಂದೆ" ಅಂತ ತವರಿಗೆ ಅಟ್ಟುತ್ತಾರೆ. ಹೇಳದಿದ್ದರೆ ಕೇಸು. ಅವನು ಟೆಸ್ಟೇ ಮಾಡಿಸಿಕೊಂಡಿಲ್ಲ, ಅವನಿಗೆ ಏನೂ ಆಗುವುದಿಲ್ಲ.

ಇದನ್ನು ಊಹಿಸಿ ಬರೆಯುತ್ತಿಲ್ಲ. ವಕೀಲರು ಹೇಳಿದ 10ನೇ ಸೆಕ್ಷನ್ನಿನಲ್ಲೇ ಒಂದು ವಿನಾಯಿತಿ ಇದೆ. ತಿಳಿಸಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಗೆ ಹಾಕಬಹುದು ಎಂಬ ಭಯ ಇರುವ ಹೆಂಗಸಿಗೆ ಆ ಸೆಕ್ಷನ್ ಅನ್ವಯಿಸುವುದಿಲ್ಲ. ಆ ವಿನಾಯಿತಿ ಯಾಕೆ ಬೇಕಾಯಿತು ಅಂತ ನಮ್ಮ ಕೌನ್ಸೆಲಿಂಗ್ ರೂಮಿನಲ್ಲಿ ಒಂದು ದಿನ ಕೂತರೆ ಗೊತ್ತಾಗುತ್ತದೆ.

ಬಿಸಿ ಸುದ್ದಿ · ಭಾನುವಾರ ಬೆಳಿಗ್ಗೆ 8:02

[ಈ ಪೋಸ್ಟ್ ತೆಗೆಯಲಾಗಿದೆ]

ನಿರ್ವಾಹಕ · ಭಾನುವಾರ ಬೆಳಿಗ್ಗೆ 8:10

ಊರು ಊಹಿಸುವ ಆಟ ಬೇಡ. "ಇಂಥ ಬೀದಿಯ ಮದುವೆ ಇರಬಹುದು" ಅಂತ ಇನ್ನೊಬ್ಬರು ಬರೆದರೆ ಖಾತೆಯೇ ಹೋಗುತ್ತದೆ. ಚರ್ಚೆ ಮುಂದುವರಿಸಿ.

ಹತ್ತಿ ಉಂಡೆ · ಭಾನುವಾರ ಬೆಳಿಗ್ಗೆ 11:47

ಇದನ್ನು ಬರೆಯಲೆಂದೇ ಹೊಸ ಖಾತೆ ಮಾಡಿದ್ದೇನೆ. ನನಗೆ ಎಚ್‌ಐವಿ ಇದೆ. ಗೊತ್ತಾಗಿದ್ದು 2011ರಲ್ಲಿ.

ಲೇಬಲ್ ವಿಷಯ ಓದಿ ನಗು ಬಂತು, ಕ್ಷಮಿಸಿ. ನಾನೂ ಕೆರೆದಿದ್ದೇನೆ. ಪಿಜಿಯಲ್ಲಿ ನಾಲ್ಕು ಜನ ಒಂದೇ ರೂಮು. ಲೇಬಲ್ ಕೆರೆದರೆ ಸಾಲದು, ಡಬ್ಬಿ ಬ್ಯಾಗಿನಲ್ಲಿ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಅದಕ್ಕೆ ಹತ್ತಿ ತುಂಬಬೇಕು. ಖಾತೆಯ ಹೆಸರು ಅಲ್ಲಿಂದಲೇ ಬಂತು. ಲೇಬಲ್ ಕೆರೆದಿದ್ದಾನೆ ಅಂದ ಮಾತ್ರಕ್ಕೆ ಹೆಂಡತಿಗೆ ಮೋಸ ಮಾಡಲೆಂದೇ ಕೆರೆದ ಅನ್ನಬೇಡಿ. ಅವನು ಇಡೀ ಜಗತ್ತಿಗೆ ಹೆದರಿ ಕೆರೆದಿರುತ್ತಾನೆ. ಆ ಜಗತ್ತಿನೊಳಗೆ ಹೆಂಡತಿಯನ್ನೂ ಸೇರಿಸಿದನಲ್ಲ, ಅದು ಅವನ ತಪ್ಪು. ಅದಕ್ಕೆ ನಾನೂ ಬೈಯುತ್ತೇನೆ.

ನಾನು ಹೇಳಿದವನು. 2016ರಲ್ಲಿ ಒಂದು ಸಂಬಂಧ ಬಂದಿತ್ತು. ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗಿಯನ್ನು ಒಬ್ಬಳನ್ನೇ ಹೋಟೆಲಿಗೆ ಕರೆದೆ. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಧೈರ್ಯ ಹೋಗುತ್ತಿತ್ತು. ಅವಳು ಬಹಳ ಒಳ್ಳೆಯವಳು. ಕೂಗಾಡಲಿಲ್ಲ. "ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಕಾಫಿ ಕುಡಿದೇ ಎದ್ದಳು. ಮನೆಯಲ್ಲಿ ಯಾಕೆ ಬೇಡ ಅಂತ ಕೇಳಿದಾಗ ಕಾರಣ ಹೇಳಲೇಬೇಕಾಯಿತು ಅವಳಿಗೆ. ಒಂದೇ ವಾರದಲ್ಲಿ ನಮ್ಮೂರಿನ ಹಾಲಿನ ಡೈರಿಯಲ್ಲಿ ನನ್ನದೇ ಮಾತು. ಅಪ್ಪ ಹಾಲು ಹಾಕಲು ಹೋಗುವುದನ್ನು ಬಿಟ್ಟರು. ಅಣ್ಣನ ಮಗಳಿಗೆ ಬಂದಿದ್ದ ಸಂಬಂಧವೂ ತಪ್ಪಿತು. ಅವಳೇನು ಮಾಡಿದ್ದಳು ಪಾಪ?

ಈಗ ನನಗೆ ಮದುವೆಯಾಗಿದೆ. ಹೆಂಡತಿಗೆ ಎಚ್‌ಐವಿ ಇಲ್ಲ. ಮದುವೆಗೆ ಮುಂಚೆಯೇ ಹೇಳಿದ್ದೇನೆ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಯಾರಾದರೂ ಉತ್ತರಿಸಿ. ಹೇಳಿದ್ದಕ್ಕೆ ರಸೀದಿ ಯಾರು ಕೊಡುತ್ತಾರೆ? ನಾಳೆ ನಮ್ಮಿಬ್ಬರಿಗೆ ಜಗಳವಾಗಿ, ಅವಳು ಸಿಟ್ಟಿನಲ್ಲಿ "ನನಗೆ ಹೇಳಿರಲಿಲ್ಲ" ಅಂದರೆ ನಾನು ಯಾವ ಸಾಕ್ಷಿ ತರಲಿ? ನಮ್ಮ ಸಾಲ ಸೋಲ, ಜಮೀನಿನ ಜಗಳ, ಅತ್ತೆ ಸೊಸೆ ಜಗಳ ಎಲ್ಲದರಲ್ಲೂ ಆ ಕೇಸು ಒಂದು ದೊಣ್ಣೆಯಾಗುತ್ತದೆ. ದೊಣ್ಣೆ ಯಾವಾಗಲೂ ಒಂದೇ ಕಡೆಯವರ ಕೈಯಲ್ಲಿ.

ಹಳೇ ಪೈಲ್ವಾನ · ಭಾನುವಾರ ಮಧ್ಯಾಹ್ನ 12:20

ತಮ್ಮಾ, ನಿನ್ನ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಒಂದು ಮಾತು. ನೀನು ಕಷ್ಟಪಟ್ಟು ಹೇಳಿದೆ, ಅನುಭವಿಸಿದೆ. ಅವನು ಹೇಳದೆ ಆರಾಮಾಗಿ ಮದುವೆಯಾದ. ಇಬ್ಬರಿಗೂ ಒಂದೇ ಲೆಕ್ಕವಾದರೆ ನಿನ್ನ ಪ್ರಾಮಾಣಿಕತೆಗೆ ಬೆಲೆ ಏನು ಬಂತು? ವೈರಸ್ ಮಾತು ಬಿಡಿ, ಸೊನ್ನೆ ಅಂತ ಅಕ್ಕ ಹೇಳಿದರು, ಒಪ್ಪಿದೆ. ಸುಳ್ಳಿಗೆ ಶಿಕ್ಷೆ ಬೇಡವಾ?

ಟೊರೊಂಟೊ ಚಳಿ · ಭಾನುವಾರ ಸಂಜೆ 6:33

ಪೈಲ್ವಾನ್ ಅವರೇ, "ಸುಳ್ಳಿಗೇ ಶಿಕ್ಷೆ" ಅಂತ ಹೊರಟ ದೇಶದಲ್ಲಿ ನಾನಿದ್ದೇನೆ. ಇಲ್ಲಿ ನರ್ಸ್ ಕೆಲಸ. ತವರು ಶಿವಮೊಗ್ಗ.

ಕೆನಡಾದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಎಚ್‌ಐವಿ ಇದೆ ಅಂತ ಹೇಳದಿದ್ದರೆ ಎದುರಿನವರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಮೋಸದಿಂದ ಪಡೆದದ್ದು ಎಂದಿತು. ಒಪ್ಪಿಗೆ ಇಲ್ಲ ಅಂದರೆ ಅದು ಲೈಂಗಿಕ ಹಲ್ಲೆ. ಅದರಲ್ಲೂ ಅತಿ ಗಂಭೀರ ದರ್ಜೆಯದ್ದು. ಗರಿಷ್ಠ ಶಿಕ್ಷೆ ಜೀವಾವಧಿ. ರೋಗ ಹರಡಿರಬೇಕು ಅಂತಲೂ ಇಲ್ಲ. 2012ರಲ್ಲಿ ಅದೇ ಕೋರ್ಟು, ಹರಡುವ ನಿಜವಾದ ಸಾಧ್ಯತೆ ಇಲ್ಲದಿದ್ದರೆ ಹೇಳಬೇಕಿಲ್ಲ ಎಂದಿತು. ಆದರೆ ವೈರಲ್ ಲೋಡ್ ಕಡಿಮೆ ಇರಬೇಕು, ಕಾಂಡೋಮ್ ಕೂಡ ಹಾಕಿರಬೇಕು, ಎರಡೂ ಬೇಕು ಅಂತ ಷರತ್ತು ಹಾಕಿತು. ಮೆಡಿಕಲ್ ಶಾಪ್ ಹುಡುಗನ ಚಿಕ್ಕಪ್ಪನ ಅಳಿಯ ಇಲ್ಲಿದ್ದಿದ್ದರೆ ಆ ತೀರ್ಪಿನ ಪ್ರಕಾರ ಸಿಕ್ಕಿಬೀಳುತ್ತಿದ್ದ.

ಆಮೇಲೆ ಏನಾಯಿತು? ವಿಜ್ಞಾನ ಮುಂದೆ ಓಡಿತು, ಕೋರ್ಟು ಹಿಂದೆ ಉಳಿಯಿತು. 2017ರ ಡಿಸೆಂಬರ್‌ನಲ್ಲಿ ಒಂಟಾರಿಯೊ ಪ್ರಾಂತ್ಯ, ಆರು ತಿಂಗಳು ವೈರಸ್ ಹತೋಟಿಯಲ್ಲಿದ್ದವರ ಮೇಲೆ ಇನ್ನು ಕೇಸು ನಡೆಸುವುದಿಲ್ಲ ಎಂದಿತು. ಮರುವರ್ಷ ಕೇಂದ್ರ ಸರ್ಕಾರವೂ ತನ್ನ ವಕೀಲರಿಗೆ ಅಂಥದ್ದೇ ಸೂಚನೆ ಕೊಟ್ಟಿತು. ಕಾನೂನಿನ ಪುಸ್ತಕದಲ್ಲಿ ಮಾತ್ರ ಅದೇ ಅಪರಾಧ, ಅದೇ ಹೆಸರು.

ನನಗೆ ಬೇಜಾರಾಗುವುದು ಇನ್ನೊಂದು ವಿಷಯಕ್ಕೆ. ನಮ್ಮ ದೇಶದಿಂದ ಓದಲು ಬಂದ ಹುಡುಗರು ಟೆಸ್ಟ್ ಮಾಡಿಸಿಕೊಳ್ಳಿ ಅಂದರೆ ಮುಖ ತಿರುಗಿಸುತ್ತಾರೆ. ಪೌರತ್ವ ಇಲ್ಲದವರು, ಶಿಕ್ಷೆಯಾದರೆ ಗಡಿಪಾರು. ಒಬ್ಬ ನನ್ನ ಮುಖಕ್ಕೇ ಕೇಳಿದ, "ಗೊತ್ತಿಲ್ಲದಿದ್ದರೆ ತಪ್ಪಿಲ್ಲ ಅಂತಾದರೆ ನಾನ್ಯಾಕೆ ಗೊತ್ತು ಮಾಡಿಕೊಳ್ಳಲಿ ಅಕ್ಕ?" ಅವನಿಗೆ ಏನು ಹೇಳಲಿ?

ಅಮೆರಿಕದ ಇಪ್ಪತ್ತೈದು ವರ್ಷ ಅಂದಿರಲ್ಲ, ಅದು ಅಯೋವಾ ರಾಜ್ಯದ್ದು ಇರಬೇಕು. ಅಲ್ಲಿ ಆ ಕಾನೂನನ್ನು 2014ರಲ್ಲಿ ಬದಲಾಯಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅದು ಚಿಕ್ಕ ಅಪರಾಧ. ಇಲಿನಾಯ್ 2021ರಲ್ಲಿ ತೆಗೆದೇ ಹಾಕಿತು. ಜಿಂಬಾಬ್ವೆ 2022ರಲ್ಲಿ ತೆಗೆಯಿತು. ಹಾಕಿ ನೋಡಿದವರಲ್ಲಿ ಹಲವರು ಈಗ ಬಿಚ್ಚುತ್ತಿದ್ದಾರೆ.

ಜೋಳದ ರೊಟ್ಟಿ · ಭಾನುವಾರ ಸಂಜೆ 7:05

ಇಷ್ಟೆಲ್ಲ ಯಾಕೆ? ಮದುವೆಗೆ ಮುಂಚೆ ಎಚ್‌ಐವಿ ಟೆಸ್ಟ್ ಕಡ್ಡಾಯ ಮಾಡಿದರೆ ಮುಗಿಯಿತಲ್ಲ. ಜಾತಕ ತೋರಿಸುತ್ತೇವೆ, ರಕ್ತ ತೋರಿಸಲು ಏನು?

ಟೋಕನ್ 40 · ಭಾನುವಾರ ಸಂಜೆ 7:48

ಮುಗಿಯುವುದಿಲ್ಲ ರೊಟ್ಟಿ. ಸೋಂಕು ತಗುಲಿದ ಮೊದಲ ಕೆಲವು ವಾರ ಟೆಸ್ಟ್ ನೆಗೆಟಿವ್ ತೋರಿಸಬಹುದು. ಮದುವೆಯ ದಿನದ ಕಾಗದ ಮದುವೆಯ ಮರುದಿನಕ್ಕೆ ಸಾಕ್ಷಿಯಲ್ಲ. ಮತ್ತೆ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಕಡ್ಡಾಯ ಮಾಡಿದರೆ ಏನಾಗುತ್ತದೆ ಗೊತ್ತಾ? ಕಲ್ಯಾಣ ಮಂಟಪದ ಪಕ್ಕದಲ್ಲೇ ನೆಗೆಟಿವ್ ಸರ್ಟಿಫಿಕೇಟ್ ಮಾರುವವರು ಹುಟ್ಟಿಕೊಳ್ಳುತ್ತಾರೆ. ಇಬ್ಬರೂ ಮಾತಾಡಿಕೊಂಡು, ಒಟ್ಟಿಗೆ ಬಂದು ಮಾಡಿಸಿಕೊಳ್ಳಿ, ಅದಕ್ಕೆ ನನ್ನ ಕಡೆಯಿಂದ ನೂರು ಮಾರ್ಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಎಲ್ಲಿ ಅಂತ ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ.

ಘಟಪ್ರಭೆ · ಭಾನುವಾರ ರಾತ್ರಿ 9:26

ಎಲ್ಲರದ್ದೂ ಓದಿದೆ. ನನ್ನ ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ.

ನಾನು ಹತ್ತೊಂಬತ್ತು ವರ್ಷಕ್ಕೆ ಮದುವೆಯಾಗಿ ಬಂದವಳು. ಗಂಡ ಲಾರಿ ಮೇಲೆ ಇದ್ದ. 2002ರಲ್ಲಿ ಸಣ್ಣಗಾಗತೊಡಗಿದ. ಬಾಯಿ ತುಂಬ ಬಿಳಿ ಹುಣ್ಣು, ಭೇದಿ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದೆವು. ಡಾಕ್ಟರು ಮಾವನನ್ನು ಒಳಗೆ ಕರೆದು ಹೇಳಿದರು. ನನಗೆ ಹೇಳಲಿಲ್ಲ. ಮಾವ ಹೊರಗೆ ಬಂದು "ಟಿಬಿ ಐತಂತ" ಎಂದರು. ಅದಾದ ಮೇಲೂ ನಾನು ಅವನ ಜೊತೆ ಸಂಸಾರ ಮಾಡಿದೆ. 2003ರಲ್ಲಿ ತೀರಿಕೊಂಡ. ಸರ್ಕಾರ ಪುಕ್ಕಟೆ ಗುಳಿಗೆ ಕೊಡಲು ಶುರು ಮಾಡಿದ್ದು 2004ರಲ್ಲಿ ಅಂತ ಆಮೇಲೆ ಕೇಳಿದೆ. ಒಂದು ವರ್ಷ ಅಷ್ಟೆ.

ನನ್ನ ರಕ್ತ ಪರೀಕ್ಷೆ ಆದದ್ದು ಅವನು ಸತ್ತ ಮೇಲೆ. ಆಗ ಊರಿಗೆಲ್ಲ ಗೊತ್ತಾಯಿತು. "ಇವಳಿಗೆ ಐತಿ, ಇವಳೇ ಗಂಡನನ್ನ ತಿಂದಳು" ಎಂದರು. ಅವನಿಗೆ ಮೊದಲು ಇತ್ತು ಅನ್ನುವುದಕ್ಕೆ ಕಾಗದ ಎಲ್ಲಿತ್ತು? ಮಾವ ಸುಟ್ಟಿದ್ದರು.

ಕಾನೂನು ಇರಬೇಕಿತ್ತಾ ಅಂತ ಬಹಳ ಸಲ ಯೋಚಿಸಿದ್ದೇನೆ. ಇದ್ದಿದ್ದರೆ ಪೊಲೀಸರು ಮೊದಲು ನನ್ನ ಮನೆಗೇ ಬರುತ್ತಿದ್ದರು. ಊರಿಗೆ ಗೊತ್ತಿದ್ದ ರಿಪೋರ್ಟು ನನ್ನದೊಂದೇ. ಅದಕ್ಕೆ ಕೇಸು, ಜೈಲು ಅಂದರೆ ನನಗೆ ನಂಬಿಕೆ ಹುಟ್ಟುವುದಿಲ್ಲ.

ಆದರೆ ನೋಡ್ರಿ, ಇಲ್ಲಿ ಕೆಲವರು ಬಹಳ ತಣ್ಣಗೆ ಮಾತಾಡುತ್ತಿದ್ದೀರಿ. ಗುಳಿಗೆ ನುಂಗಿದ, ಹರಡಲಿಲ್ಲ, ಆಯಿತು ಅಂತ. ಆ ಹುಡುಗಿ ಡಬ್ಬಿ ಹಿಡಿದು ನಿಂತ ಗಳಿಗೆ ಇದೆಯಲ್ಲ, ಅದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ನನ್ನ ಸಿಟ್ಟು ಇಪ್ಪತ್ತು ವರ್ಷವಾದರೂ ಇಳಿದಿಲ್ಲ. ಅವನ ಫೋಟೋಕ್ಕೆ ಇನ್ನೂ ಹಾರ ಹಾಕಿಲ್ಲ ನಾನು.

ಹಳೇ ಪೈಲ್ವಾನ · ಭಾನುವಾರ ರಾತ್ರಿ 9:50

ಅಕ್ಕಾ, ನಮಸ್ಕಾರ. ಇವತ್ತು ಇನ್ನೇನೂ ಬರೆಯುವುದಿಲ್ಲ.

ಕರಿಕೋಟು · ಭಾನುವಾರ ರಾತ್ರಿ 10:37

ಘಟಪ್ರಭೆ ಅಕ್ಕ ಹೇಳಿದ ಕಾಗದದ ವಿಷಯ ಕೋರ್ಟಿನಲ್ಲಿ ನಿಜವಾಗಿ ದೊಡ್ಡದು. ಯಾರಿಂದ ಯಾರಿಗೆ ಬಂತು ಅಂತ ವೈರಸ್ ಹೋಲಿಸಿ ನೋಡುವ ಪರೀಕ್ಷೆ ಇದೆ. ಎರಡು ವೈರಸ್ ಹತ್ತಿರದವು ಅಂತ ಅದು ತೋರಿಸುತ್ತದೆ. ಯಾವ ದಿಕ್ಕಿನಲ್ಲಿ ಹರಡಿತು ಅಂತ ಅದೊಂದರಿಂದಲೇ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಲು ಆಗುವುದಿಲ್ಲ. ಮೊದಲು ಟೆಸ್ಟ್ ಮಾಡಿಸಿಕೊಂಡವರೇ ಮೊದಲ ಆರೋಪಿಗಳಾಗುತ್ತಾರೆ.

ಪೈಲ್ವಾನ್ ಅವರ "ಸುಳ್ಳಿಗೆ ಶಿಕ್ಷೆ ಬೇಡವಾ" ಅನ್ನುವ ಪ್ರಶ್ನೆಗೆ ಬರುತ್ತೇನೆ. ನ್ಯಾಯವಾದ ಪ್ರಶ್ನೆ. ಸುಳ್ಳಿಗೆ ದಾರಿ ಇದೆ, ಅದಕ್ಕೆ ಎಚ್‌ಐವಿ ಹೆಸರಿನ ಹೊಸ ಅಪರಾಧ ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನೇ ರದ್ದು ಮಾಡಿಸಬಹುದು. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಒಪ್ಪಿ ಜೊತೆಗೆ ಬಾಳಿದರೆ ಆ ಹಕ್ಕು ಹೋಗುತ್ತದೆ. ಹಾಗಾಗಿ ತಂಗಿ ಎಲ್ಲಿರುತ್ತಾಳೆ ಅನ್ನುವುದನ್ನು ಬೇಗ ತೀರ್ಮಾನಿಸಲಿ. ಕ್ರಿಮಿನಲ್ಲೇ ಬೇಕು ಅಂದರೆ ನ್ಯಾಯ ಸಂಹಿತೆಯಲ್ಲಿರುವ ವಂಚನೆಯ 318ನೇ ಸೆಕ್ಷನ್ ಅಡಿ ದೂರು ಕೊಟ್ಟು ವಾದ ಮಾಡಬಹುದು. ನಿಲ್ಲುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಅಲ್ಲಿ ಪ್ರಶ್ನೆ ಅವನ ರಕ್ತದಲ್ಲಿ ಏನಿದೆ ಅಂತ ಆಗುವುದಿಲ್ಲ, ಅವನು ಏನು ಹೇಳಿ ಒಪ್ಪಿಸಿದ ಅಂತ ಆಗುತ್ತದೆ. ಮದುವೆ ಮಾತುಕತೆಯಲ್ಲಿ ಆರೋಗ್ಯದ ಬಗ್ಗೆ ನೇರವಾಗಿ ಕೇಳಿದ್ದಿರಾ? ವಾಟ್ಸಾಪ್ ಮೆಸೇಜ್ ಏನಾದರೂ ಇದೆಯಾ? ನೋಡಿಟ್ಟುಕೊಳ್ಳಿ.

ಒಂದು ಹಳೆಯ ಕಥೆಯೂ ಹೇಳಬೇಕು. ರಕ್ತ ಕೊಡಲು ಹೋದ ಒಬ್ಬ ಡಾಕ್ಟರಿಗೆ ಎಚ್‌ಐವಿ ಇರುವುದು ಆಸ್ಪತ್ರೆಯಲ್ಲಿ ಗೊತ್ತಾಗಿ, ಸುದ್ದಿ ಹೊರಬಿದ್ದು, ಅವನ ಮದುವೆ ನಿಂತುಹೋಯಿತು. ಅವನು ಸುಪ್ರೀಂ ಕೋರ್ಟಿಗೆ ಹೋದ. 1998ರಲ್ಲಿ ಕೋರ್ಟು ಅವನ ವಿರುದ್ಧವೇ ಹೇಳಿತು. ಇಂಥವರ ಮದುವೆಯ ಹಕ್ಕೇ ಅಮಾನತಿನಲ್ಲಿರುತ್ತದೆ ಎಂಬ ಮಾತೂ ಬಂತು. 2002ರಲ್ಲಿ ಮೂವರು ನ್ಯಾಯಮೂರ್ತಿಗಳು ಕೂತು, ಮದುವೆಯ ಬಗ್ಗೆ ಆ ಮಾತು ಆಡುವ ಅಗತ್ಯವೇ ಇರಲಿಲ್ಲ ಎಂದರು. ನಾಲ್ಕು ವರ್ಷ ಈ ದೇಶದಲ್ಲಿ ಎಚ್‌ಐವಿ ಇದ್ದವರು ಮದುವೆಯಾಗಲು ಹಕ್ಕಿಲ್ಲದವರಾಗಿದ್ದರು. ಸಿಟ್ಟಿನಲ್ಲಿ ಬರೆದ ಕಾನೂನು ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಲು ನಾನು ಆಗಾಗ ಆ ತೀರ್ಪು ತೆಗೆದು ಓದುತ್ತೇನೆ.

ಮೆಡಿಕಲ್ ಶಾಪ್ ಹುಡುಗ · ಎರಡೂವರೆ ತಿಂಗಳ ನಂತರ, ಗುರುವಾರ ರಾತ್ರಿ 9:14

ಕೆಲವರು ಮೆಸೇಜ್ ಮಾಡಿ ಕೇಳಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಎರಡನೇ ಟೆಸ್ಟ್ ಬಂತು. ನೆಗೆಟಿವ್. ಎಫ್‌ಐಆರ್ ಮಾಡಿಸಲಿಲ್ಲ. ಚಿಕ್ಕಪ್ಪ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ನಾನೇ ತಡೆದೆ ಅಂತ. ನಿಜ ಹೇಳಬೇಕೆಂದರೆ ತಡೆದದ್ದು ತಂಗಿ. ಅವಳು ಈ ಚರ್ಚೆ ಪೂರ್ತಿ ಓದಿದಳು. ಘಟಪ್ರಭೆ ಅಕ್ಕ ಬರೆದದ್ದನ್ನು ಎರಡು ಸಲ ಓದಿದಳು. ಹತ್ತಿ ಉಂಡೆ ಬರೆದದ್ದಕ್ಕೆ ಏನೂ ಅನ್ನಲಿಲ್ಲ.

ಮದುವೆ ರದ್ದಿಗೆ ಅರ್ಜಿ ಹಾಕಿದ್ದೇವೆ. ಅವರ ಕಡೆಯವರೂ ವಿರೋಧ ಮಾಡುವುದಿಲ್ಲ ಎಂದಿದ್ದಾರೆ. "ಅವನು ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದೆಯಾ" ಅಂತ ಕೇಳಿದೆ. "ಗೊತ್ತಿಲ್ಲ, ಅದನ್ನ ಯೋಚನೆ ಮಾಡೋ ಅವಕಾಶವೇ ಕೊಡಲಿಲ್ಲವಲ್ಲ ಅಣ್ಣ" ಎಂದಳು.

ಈಗ ಅವಳದ್ದೇ ಒಂದು ಪ್ರಶ್ನೆ, ವಕೀಲರಿಗೆ. ಮುಂದೆ ಎಂದಾದರೂ ಬೇರೆ ಸಂಬಂಧ ಬಂದು, ಗಂಡಿನ ಕಡೆಯವರು "ಮೊದಲನೇದು ಯಾಕೆ ಮುರಿಯಿತು" ಅಂತ ಕೇಳಿದರೆ ಏನು ಹೇಳಬೇಕು? ನಿಜ ಹೇಳಿದರೆ ಅವನ ಗುಟ್ಟು ಹೊರಗೆ ಬರುತ್ತದೆ. ಹೇಳದಿದ್ದರೆ ಇವಳೂ ಮುಚ್ಚಿಟ್ಟ ಹಾಗಾಗುತ್ತದೆ.

ಕರಿಕೋಟು · ಗುರುವಾರ ರಾತ್ರಿ 11:02

ಕೋರ್ಟಿನಲ್ಲಿ ಹೆಸರು ಮರೆಮಾಡಿ, ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಅಂತ ಕೇಳಲು ಎಚ್‌ಐವಿ ಕಾಯ್ದೆಯ 34ನೇ ಸೆಕ್ಷನ್ ಇದೆ. ನಿಮ್ಮ ವಕೀಲರು ಕೇಳಿಲ್ಲದಿದ್ದರೆ ಈಗಲೇ ಕೇಳಲು ಹೇಳಿ. ಅವಳ ಪ್ರಶ್ನೆಗೆ 8ನೇ ಸೆಕ್ಷನ್. ನಂಬಿಕೆಯ ಸಂಬಂಧದಲ್ಲಿ ತಿಳಿದ ಇನ್ನೊಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ. ಗಂಡ ಹೆಂಡತಿ ಅಂದರೆ ಅದೇ ಸಂಬಂಧ ಅಂತ ವಾದ ಮಾಡುವವರು ಇದ್ದೇ ಇರುತ್ತಾರೆ.

ಹಾಗಾಗಿ ಕಾನೂನಿನ ಪ್ರಕಾರ ಅವಳು ಮೊದಲು ಅವನನ್ನು ಕೇಳಬೇಕು.

ಮೆಡಿಕಲ್ ಶಾಪ್ ಹುಡುಗ · ಗುರುವಾರ ರಾತ್ರಿ 11:20

ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವನ ನಂಬರ್ ಬ್ಲಾಕ್ ಮಾಡಿದ್ದನ್ನು ತೆಗೆಯುವುದು ಹೇಗೆ ಅಂತ ಕೇಳಿದಳು.